ಸಕ್ಕರೆ ಕಾಯಿಲೆಗೆ ನಿತ್ಯಪುಷ್ಪದ ಎಲೆ ಬೇಡ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಭಾಗದ ಹಳ್ಳಿಗಳಲ್ಲಿ ನಿತ್ಯಪುಷ್ಪ ಇಲ್ಲದ ಹಿತ್ತಿಲು ಅಪರೂಪ. ಹೆಚ್ಚು ನೀರು ಕೇಳದು, ಗೊಬ್ಬರ ಕೇಳದು, ಮೇಕೆಯೂ ಸುಲಭಕ್ಕೆ ಬಾಯಿ ಹಾಕದು. ವರ್ಷವಿಡೀ ದೇವರ ಪೂಜೆಗೆ ಹೂವು. ಇಷ್ಟಕ್ಕೇ ನಿಂತಿದ್ದರೆ ಈ ಲೇಖನ ಬೇಕಾಗಿರಲಿಲ್ಲ. ಈಚೆಗೆ ರೈತರ ಸಭೆಗಳಲ್ಲಿ ರಾಗಿ, ರೇಷ್ಮೆ, ಮಾವಿನ ಮಾತು ಮುಗಿದ ಮೇಲೆ ಯಾರಾದರೊಬ್ಬರು ಹತ್ತಿರ ಬಂದು, "ಸಾರ್, ಸಕ್ಕರೆ ಕಾಯಿಲೆಗೆ ಇದರ ಎಲೆ ದಿನಕ್ಕೆ ಎಷ್ಟು ತಿನ್ನಬೇಕು?" ಎಂದು ಕೇಳುವುದು ವಾಡಿಕೆಯಾಗಿದೆ. ಒಂದೂ ಬೇಡ ಎಂಬುದೇ ನನ್ನ ಉತ್ತರ.

ಮಡಗಾಸ್ಕರ್ ದ್ವೀಪದಿಂದ ಬಂದ ಗಿಡವಿದು. ಜಮೈಕಾದ ಜನರೂ ಇದರ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. ಅಲ್ಲಿಂದ ತರಿಸಿದ ಎಲೆಗಳನ್ನು 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಪರೀಕ್ಷಿಸಿದರು. ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟಾಗ ಸಕ್ಕರೆ ಇಳಿಯಲಿಲ್ಲ. ಸೂಜಿಯ ಮೂಲಕ ಕೊಟ್ಟಾಗ ರಕ್ತದ ಬಿಳಿಕಣಗಳು ಕುಸಿದು, ಸೋಂಕು ತಗುಲಿ ಸತ್ತವು. ಸಕ್ಕರೆಗೆ ಮದ್ದು ಹುಡುಕಿದವರಿಗೆ ಸಿಕ್ಕಿದ್ದು ಕ್ಯಾನ್ಸರಿನ ಮದ್ದು! ಇದೇ ಗಿಡದಿಂದ ದೊರೆತ ವಿನ್‌ಕ್ರಿಸ್ಟೀನ್ ಇಂದಿಗೂ ಮಕ್ಕಳ ರಕ್ತ ಕ್ಯಾನ್ಸರಿಗೆ ಬಳಕೆಯಲ್ಲಿದೆ. ಅದರ ಒಂದು ಗ್ರಾಂಗೆ ನೂರಾರು ಕಿಲೋ ಒಣ ಎಲೆ ಬೇಕು. ವೈದ್ಯರು ಅದನ್ನು ರಕ್ತ ಪರೀಕ್ಷೆ ನೋಡಿಕೊಂಡು ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ.

ಎಲೆಯಲ್ಲಿ ಅಷ್ಟು ಕಡಿಮೆಯಿದ್ದರೆ ತಿಂದರೇನು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಎಲೆಯಲ್ಲಿರುವುದು ಅದೊಂದೇ ಅಲ್ಲ, 70ಕ್ಕೂ ಹೆಚ್ಚು ಕ್ಷಾರಸತ್ವಗಳಿವೆ. ಗಿಡದ ವಯಸ್ಸು, ಮಣ್ಣು, ಕಾಲಕ್ಕೆ ತಕ್ಕಂತೆ ಅವು ಹೆಚ್ಚು ಕಡಿಮೆಯಾಗುತ್ತವೆ. ಹಿಡಿ ಎಲೆಗೆ ತಕ್ಕಡಿಯಿಲ್ಲ. ಮುಂದೆ ನಡೆದ ಕೆಲವು ಪ್ರಯೋಗಗಳಲ್ಲಿ ಪ್ರಾಣಿಗಳಿಗೆ ಸಕ್ಕರೆ ಇಳಿದದ್ದೂ ಉಂಟು. ಹಾಗೆ ಇಳಿಯುವುದಾದರೆ, ಮಾತ್ರೆಯನ್ನೂ ನುಂಗುವವರಿಗೆ ಅತಿಯಾಗಿ ಇಳಿದು ಹೊಲದಲ್ಲೇ ತಲೆ ಸುತ್ತಿ ಬೀಳುವ ಅಪಾಯ. ಇಳಿಯದಿದ್ದರೆ, ಎಲೆ ನಂಬಿ ಮಾತ್ರೆ ಬಿಟ್ಟವರ ಕಣ್ಣು, ಮೂತ್ರಪಿಂಡ, ಕಾಲು ಸದ್ದಿಲ್ಲದೆ ಕೆಡುತ್ತವೆ. ಗರ್ಭಿಣಿಯರಂತೂ ಇದನ್ನು ಸೇವಿಸಲೇಬಾರದು.

ಇನ್ನೊಂದು ಭಯ ನನಗೆ ಹೆಸರಿನದು. ಇದಕ್ಕೆ ಕಾಶಿ ಕಣಗಿಲೆ ಎಂದೂ ಕರೆಯುವುದುಂಟು. ಬೇಲಿಯ ಬದಿಯ ಕಣಗಿಲೆಯೇ ಬೇರೆ. ಅದರ ಎಲೆ ಉದ್ದ, ಗಿಡ ಆಳೆತ್ತರ, ಮುರಿದರೆ ಅಂಟು ರಸ. ಹೃದಯದ ಬಡಿತ ನಿಲ್ಲಿಸುವ ವಿಷ ಅದರಲ್ಲಿದೆ. "ಕಣಗಿಲೆ ಎಲೆ ಒಳ್ಳೆಯದಂತೆ" ಎಂಬ ಅರೆಬರೆ ಮಾತು ಬಾಯಿಂದ ಬಾಯಿಗೆ ಹೋದರೆ ಏನಾದೀತು, ಯೋಚಿಸಿ. ಯಾರಾದರೂ ತಿಂದಿದ್ದು ತಿಳಿದರೆ ಮನೆಮದ್ದು ಮಾಡುತ್ತಾ ಕೂರದೆ, ತಿಂದ ಗಿಡದ ಕೊಂಬೆಯೊಂದನ್ನು ಹಿಡಿದು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಬೆಳೆಯಾಗಿ ಇದನ್ನು ನಾನು ವಿರೋಧಿಸುವುದಿಲ್ಲ. ನಮ್ಮ ಕೆಂಪು ಮಣ್ಣಿಗೆ, ಮಳೆಯಾಶ್ರಯಕ್ಕೆ ಒಗ್ಗುತ್ತದೆ. ಎಲೆಗೂ ಬೇರಿಗೂ ಔಷಧಿ ಕಾರ್ಖಾನೆಗಳಲ್ಲಿ ಉಪಯೋಗವಿದೆ. ನಿರ್ಮಲ್, ಧವಳ್ ಎಂಬ ತಳಿಗಳೂ ಇವೆ. ಆದರೆ ಕೊಳ್ಳುವವರ ಒಪ್ಪಿಗೆ ಬರಹದಲ್ಲಿ ಕೈಗೆ ಬರುವ ತನಕ ಒಂದು ಗುಂಟೆಯಲ್ಲೂ ಹಾಕಬೇಡಿ. ಸಂತೆಯಲ್ಲಿ ಪುಡಿ ಮಾರುವವರಿಗೆ ಎಲೆ ಕೊಡುವುದೂ ಬೇಡ. ಹೂವು ಹಸಿರಾಗಿ ಎಲೆಯಂತೆ ಮುದುರಿದ ಗಿಡ ಕಂಡರೆ ಕಿತ್ತು ಸುಡಿ. ಇದು ಜಿಗಿಹುಳು ಹರಡುವ ರೋಗ. ಎಳ್ಳು, ಬದನೆಗೂ ಇಂಥದೇ ರೋಗ ಬರುತ್ತದೆ.