ಕರಡಿಯ ನೆರೆಯಲ್ಲಿ

'ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ' ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಇಲ್ಲಿಯ ಕರಡಿ ಮೃಗವಲ್ಲ, ಕರಡೆಯೆಂಬ ವಾದ್ಯವೆಂದು ಹೇಳುವವರೂ ಉಂಟು. ಆದರೆ ಜನಮನಸ್ಸು ಮೃಗವನ್ನೇ ಹಿಡಿದುಕೊಂಡು, ಕರೆಯದೆ ಬಂದು ಕೆಡಿಸುವುದೆಂಬ ಅಪವಾದವನ್ನು ಅದರ ತಲೆಗೆ ಕಟ್ಟಿದೆ. ಈ ಅಪವಾದ ನ್ಯಾಯವೇ?

ಬಳ್ಳಾರಿ ಸೀಮೆಯ ದರೋಜಿಯ ಬಂಡೆಗುಡ್ಡಗಳು 1994ರಲ್ಲಿ ಕರಡಿಧಾಮವೆನಿಸಿದವು. 2013ರಲ್ಲಿ ಗುಡೇಕೋಟೆಗೂ ಆ ರಕ್ಷಣೆ ದೊರೆಯಿತು. ಆದರೆ ಧಾಮದ ಎಲ್ಲೆಯನ್ನು ಕರಡಿ ಬಲ್ಲುದೆ? ಗುಡ್ಡದ ಬುಡದಲ್ಲೇ ಹೊಲ, ಹೊಲದ ಅಂಚಿನಲ್ಲೇ ಊರು.

ಕರಡಿಯು ಮನುಷ್ಯನನ್ನು ಬೇಟೆಯಾಡುವ ಪ್ರಾಣಿಯಲ್ಲ. ಗೆದ್ದಲು, ಇರುವೆ, ಜೇನು, ಕಾಡಿನ ಹಣ್ಣುಗಳು ಅದರ ಆಹಾರ. ಮೂಗು ಚುರುಕು, ಕಣ್ಣು ಮಂದ. ಹುತ್ತವನ್ನು ಬಗೆಯುತ್ತ ಮೈಮರೆತಾಗ ಬಳಿಗೆ ಬಂದವರನ್ನು ಅದು ಅರಿಯದು. ಥಟ್ಟನೆ ಎದುರಾದರೆ ಗಾಬರಿಗೊಂಡು ಮೇಲೆ ಬೀಳುತ್ತದೆ. ಬೆನ್ನ ಮೇಲೆ ಮರಿಗಳಿದ್ದರಂತೂ ಹೇಳಬೇಕಾದುದೇ ಇಲ್ಲ. ಮುಖಕ್ಕೆ ತಗಲಿದ ಉಗುರಿನ ಗಾಯ ಬದುಕಿರುವವರೆಗೂ ಉಳಿಯಬಹುದು. ಆದುದರಿಂದ ತಪ್ಪಿಸಬೇಕಾದುದು ಈ ಆಕಸ್ಮಿಕ ಭೇಟಿಯನ್ನು.

ಇದಕ್ಕೆ ಉಪಾಯಗಳುಂಟು: ಒಬ್ಬರೇ ಹೋಗದೆ ಜೊತೆಗೂಡಿ, ಗಟ್ಟಿಯಾಗಿ ಮಾತನಾಡುತ್ತ, ಕೋಲು ಕುಟ್ಟುತ್ತ ನಡೆಯುವುದು, ಸಂಜೆಯಿಂದ ಬೆಳಗಿನವರೆಗೆ ಬಂಡೆ ಪೊದೆಗಳ ಸಂದನ್ನು ದೂರವಿಡುವುದು, ಊರೊಳಗೆ ಬಂದ ಕರಡಿಯನ್ನು ಗುಂಪಾಗಿ ಮುತ್ತದೆ, ಹೋಗಲು ದಾರಿ ಬಿಟ್ಟು, ಅರಣ್ಯ ಇಲಾಖೆಗೆ ತಿಳಿಸುವುದು.

ಉಪದೇಶವೇನೋ ಸುಲಭ. ಆದರೆ ಪಂಪ್‌ಸೆಟ್ಟಿಗೆ ವಿದ್ಯುತ್ತು ರಾತ್ರಿಯಲ್ಲೇ ಬಂದರೆ ರೈತನು ರಾತ್ರಿಯೇ ಹೊಲಕ್ಕೆ ಹೋಗಬೇಕು. ಮನೆಯಲ್ಲಿ ಶೌಚಾಲಯವಿಲ್ಲದ ಹೆಂಗಸು ನಸುಕಿನಲ್ಲೇ ಪೊದೆಯ ಮರೆಗೆ ನಡೆಯಬೇಕು. ಇತ್ತ ಕಲ್ಲಿಗಾಗಿ ಗುಡ್ಡವನ್ನು ಸಿಡಿಸಿದರೆ, ಹಗಲು ಮಲಗುವ ಗವಿಯನ್ನು ಕಳೆದುಕೊಂಡ ಕರಡಿ ಶೇಂಗಾ ಹೊಲದತ್ತ ಬಾರದೆ ಎಲ್ಲಿಗೆ ಹೋದೀತು? ಇಬ್ಬರನ್ನೂ ಒಂದೇ ಕತ್ತಲೆಯಲ್ಲಿ ಎದುರುಬದುರಾಗಿ ನಿಲ್ಲಿಸಿದವರು ನಾವು.

ಹಗಲಿನ ವಿದ್ಯುತ್ತು, ಮನೆಮನೆಗೆ ಶೌಚಾಲಯ, ಗುಡ್ಡಗಳಿಗೆ ಅಭಯ, ಗಾಯಗೊಂಡವರಿಗೆ ತಡವಿಲ್ಲದ ಪರಿಹಾರ: ಇವು ಕರಡಿಯ ರಕ್ಷಣೆಯ ಭಾಗವೇ ಎಂದು ನಾನು ತಿಳಿಯುತ್ತೇನೆ. ಪಟ್ಟಣದಲ್ಲಿ ಕುಳಿತು ಮೃಗಗಳಿಗಾಗಿ ಮರುಗುವ ನನ್ನಂಥವರು ಇದರ ವೆಚ್ಚದಲ್ಲಿ ಪಾಲುಗೊಳ್ಳಬೇಕು. ಬಡವನ ಮುಖವನ್ನು ಪಣಕ್ಕಿಟ್ಟು ಕರಡಿಯನ್ನು ಕಾಯುವುದು ಧರ್ಮವಲ್ಲ. ಅವನ ಸಿಟ್ಟಿಗೆ ಕರಡಿಯನ್ನು ಬಲಿಗೊಡುವುದೂ ಧರ್ಮವಲ್ಲ.

ಆ ಗಾದೆಯನ್ನು ಪಾಠ ಹೇಳುವ ಉಪಾಧ್ಯಾಯರು, ಗುಡ್ಡದ ದಾರಿಯಲ್ಲಿ ಸದ್ದು ಮಾಡುತ್ತ ನಡೆಯಬೇಕೆಂಬುದನ್ನೂ ಮಕ್ಕಳಿಗೆ ಜೊತೆಯಲ್ಲೇ ಹೇಳಿಕೊಡಲಿ.