ಬೋರ್ಡಿನ ಭಾಷೆ, ಬಾಡಿಗೆಯ ಲೆಕ್ಕ

ಪುಣೆಯ ಫರ್ಗ್ಯುಸನ್ ಕಾಲೇಜು ರಸ್ತೆಯ 'ವೈಶಾಲಿ' ಹೋಟೆಲ್ಲಿನ ಮೊದಲಿನ ಹೆಸರು 'ಮದ್ರಾಸ್ ಹೆಲ್ತ್ ಹೋಮ್'. ಕಟ್ಟಿ ಬೆಳೆಸಿದ ಜಗನ್ನಾಥ ಶೆಟ್ಟರು ಮದ್ರಾಸಿನವರೇನಲ್ಲ, ಕಾರ್ಕಳದ ಕಡೆಯವರು. ಆಗ ಇಲ್ಲಿನವರ ಬಾಯಲ್ಲಿ ದಕ್ಷಿಣದಿಂದ ಬಂದವರೆಲ್ಲ 'ಮದ್ರಾಸಿ'ಗಳೇ. 2023ರ ಜುಲೈಯಲ್ಲಿ ಶೆಟ್ಟರು ತೀರಿಕೊಂಡಾಗ ಈ ಊರು ಮನೆಯ ಹಿರಿಯರನ್ನು ಕಳೆದುಕೊಂಡಂತೆ ಮರುಗಿತು. 'ಮದ್ರಾಸಿ'ಯೊಬ್ಬರು 'ಪುಣೇಕರ್' ಆಗಲು ಒಂದೇ ರಸ್ತೆಯಲ್ಲಿ ಹಲವು ದಶಕ ನಿಲ್ಲಬೇಕಾಯಿತು.

ಹಾಗೆ ನಿಲ್ಲುವ ಅವಕಾಶ ಇವತ್ತು ಕುಂದಾಪುರದಿಂದಲೋ ಬೈಂದೂರಿನಿಂದಲೋ ಬರುವ ಹುಡುಗನಿಗೆ ಇದೆಯೇ ಎಂಬುದು ನನ್ನ ಪ್ರಶ್ನೆ.

ಹೊರನಾಡಿನಲ್ಲಿರುವ ನಮಗೆ ಭಾಷೆಯ ಭಯ ಹಳೆಯದು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಮುಂಬಯಿಯ ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದ ಕಥೆಗಳನ್ನು ಹಿರಿಯರು ಈಗಲೂ ಹೇಳುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಮುಂಬಯಿ ವರ್ತಕರಿಗೆ ಎರಡು ತಿಂಗಳೊಳಗೆ ಮರಾಠಿ ಬೋರ್ಡು ಹಾಕಿ ಎಂದಾಗ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳು ಕುದಿದವು. ಅದೇ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕೆಂದು ಬೋರ್ಡುಗಳನ್ನು ಒಡೆದಾಗ ಅದೇ ಗುಂಪುಗಳಲ್ಲಿ ಚಪ್ಪಾಳೆ ಬಿತ್ತು. ಇರಲಿ. ಪುಣೆಯ ಶೆಟ್ಟರ ಹೋಟೆಲುಗಳಲ್ಲಿ ಮರಾಠಿ ಬೋರ್ಡು ಕೋರ್ಟು ಹೇಳುವ ಮೊದಲೇ ಇತ್ತು. ಬೋರ್ಡು ಬದಲಿಸುವುದು ಒಂದು ಸಲದ ಖರ್ಚು. ಬಾಡಿಗೆ ಹಾಗಲ್ಲ, ತಿಂಗಳು ತಿಂಗಳೂ ಬಾಗಿಲಿಗೆ ಬಂದು ನಿಲ್ಲುತ್ತದೆ.

ಬಾಣೇರಿನಲ್ಲಿ ನನಗೆ ಪರಿಚಯದ ಒಬ್ಬರು ಒಂಬತ್ತು ವರ್ಷ ಹೋಟೆಲು ನಡೆಸಿದರು. ಊರಿನವರಿಗೆಲ್ಲ ಅವರು 'ಅಣ್ಣಾ'. ಬೆಳಿಗ್ಗೆ ಏಳಕ್ಕೆ ಯಾದಗಿರಿ, ಕಲಬುರಗಿ ಕಡೆಯ ಗಾರೆ ಕೆಲಸದವರು ಇಡ್ಲಿ ತಿಂದು ಹೋಗುತ್ತಿದ್ದರು. ಒಂಬತ್ತಕ್ಕೆ ಹಿಂಜವಡಿಗೆ ಹೊರಟ ನಮ್ಮಂಥವರು ಅದೇ ಮೇಜಿನಲ್ಲಿ ಕೂರುತ್ತಿದ್ದೆವು. ಕಟ್ಟಡದ ಮಾಲೀಕರು ಅಲ್ಲಿಯ ಮೂಲ ರೈತ ಮನೆತನದವರು, ಗಣೇಶ ಹಬ್ಬಕ್ಕೆ ಅಣ್ಣನ ಮನೆಗೆ ಮೋದಕ ಕಳಿಸುವಷ್ಟು ಬಳಕೆಯವರು. ಕರಾರು ಮುಗಿದಾಗ ಒಂದು ದೊಡ್ಡ ಕಾಫಿ ಕಂಪನಿ ಎರಡರಷ್ಟು ಬಾಡಿಗೆ ಕೊಡಲು ಮುಂದೆ ಬಂತು. ಮುಗಿಯಿತು. ಜಗಳವಿಲ್ಲ, ಬೈಗುಳವಿಲ್ಲ, 'ನಿಮ್ಮೂರಿಗೆ ಹೋಗಿ' ಎಂದವರೂ ಇಲ್ಲ. ಡಿಪಾಸಿಟ್ ವಾಪಸು ಬಂತು. ಅಡುಗೆಮನೆಯ ಚಿಮಣಿ, ಚರಂಡಿ, ಟೈಲ್ಸಿಗೆ ಹಾಕಿದ ದುಡ್ಡು ಗೋಡೆಯಲ್ಲೇ ಉಳಿಯಿತು.

ಆ ಮಾಲೀಕರ ಮೇಲೆ ನನಗೆ ಸಿಟ್ಟಿಲ್ಲ. ಹೊಲ ಹೋದ ಮೇಲೆ ಅವರಿಗೆ ಉಳಿದಿರುವ ಬೆಳೆ ಬಾಡಿಗೆಯೊಂದೇ. ಪ್ರಶ್ನೆ ಇರುವುದು ಕಾನೂನಿನಲ್ಲಿ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ ಪ್ರಕಾರ ಹಳೆಯ ಬಾಡಿಗೆದಾರನ ಅಂಗಡಿಯ ಬಾಡಿಗೆಯನ್ನು ವರ್ಷಕ್ಕೆ ಶೇ 4ರಷ್ಟು ಹೆಚ್ಚಿಸಬಹುದು, ಸಕಾರಣವಿಲ್ಲದೆ ಎಬ್ಬಿಸುವಂತಿಲ್ಲ. ಪೇಠೆಗಳ ಕಿರಿದಾದ ಅಂಗಡಿಗಳು ಉಳಿದಿರುವುದರಲ್ಲಿ ಈ ರಕ್ಷಣೆಯ ಪಾಲು ದೊಡ್ಡದು. ಬಾಣೇರು, ವಾಕಡ, ಬಾಲೇವಾಡಿಗಳಲ್ಲಿ ಯಾರೂ ಈಗ ಹಾಗೆ ಬಾಡಿಗೆಗೆ ಕೊಡುವುದಿಲ್ಲ. ಎಲ್ಲ 'ಲೀವ್ ಅಂಡ್ ಲೈಸೆನ್ಸ್'. ಅವಧಿ ಮುಗಿದರೆ ಹಕ್ಕೂ ಮುಗಿಯಿತು. ಹಳೆಯ ರಕ್ಷಣೆಯಲ್ಲೂ ಅತಿ ಇತ್ತು, ನಿಜ. ಪುಡಿಗಾಸಿನ ಬಾಡಿಗೆಗೆ ವಾಡೆಗಳು ಕುಸಿಯುವವರೆಗೆ ಯಾರೂ ಸುಣ್ಣ ಹಚ್ಚಲಿಲ್ಲ. ಆದರೆ ಒಂದು ಅತಿಯಿಂದ ನೇರ ಇನ್ನೊಂದು ಅತಿಗೆ ಜಿಗಿಯಬೇಕಿತ್ತೇ?

ಇದೇ ಕಾಯ್ದೆ 1 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಪಾವತಿಯಾದ ಷೇರು ಬಂಡವಾಳವಿರುವ ಕಂಪನಿಗಳಿಗೆ ರಕ್ಷಣೆ ಬೇಡ ಎನ್ನುತ್ತದೆ. ಅಂದರೆ ದೊಡ್ಡವರು ಯಾರು, ಸಣ್ಣವರು ಯಾರು ಎಂಬುದು ಶಾಸನಕ್ಕೆ ಗೊತ್ತಿದೆ. ಸ್ವಂತ ದುಡಿಮೆಯ ಸಣ್ಣ ಅಂಗಡಿಗಳ ಲೈಸೆನ್ಸ್ ಕರಾರಿಗೆ ಕನಿಷ್ಠ ಐದು ವರ್ಷದ ಅವಧಿ, ನವೀಕರಣದಲ್ಲಿ ಮೊದಲ ಹಕ್ಕು, ಏರಿಕೆಗೊಂದು ಮಿತಿ ಕೊಡುವುದು ಅಸಾಧ್ಯವೇನಲ್ಲ. ಇದು ಮರಾಠಿ ವಡಾಪಾವ್‌ನವನಿಗೂ, ಇರಾನಿ ಬೇಕರಿಯವನಿಗೂ, ಶೆಟ್ಟರಿಗೂ ಒಟ್ಟಿಗೇ ಬೇಕಾದದ್ದು. ಡೆಕ್ಕನ್ನಿನಲ್ಲಿ 1935ರ 'ಗುಡ್‌ಲಕ್' ಇನ್ನೂ ಇದೆ. ಹತ್ತಿರದ 'ಲಕ್ಕಿ' ಎಂದೋ ಹೋಯಿತು.

ಬಾಡಿಗೆ ಏರಿದ್ದು ನಮ್ಮ ಸಂಬಳವನ್ನು ನೋಡಿಯೇ ಎಂಬುದನ್ನೂ ಹೇಳಬೇಕು. ಕಾಫಿ ಕಂಪನಿ ಬಾಣೇರಿಗೆ ಬಂದದ್ದು ಯಾದಗಿರಿಯ ಗಾರೆಯವರನ್ನು ನಂಬಿ ಅಲ್ಲ. ಅವರು ಈಗ ಎಲ್ಲಿ ತಿನ್ನುತ್ತಾರೆ ಎಂದು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ.

ಶಾಸನ ಬದಲಾಗಲು ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ನಮ್ಮ ಸಂಘ ಸಂಸ್ಥೆಗಳು ಒಂದು ಕೆಲಸ ಮಾಡಬಹುದು. ರಾಜ್ಯೋತ್ಸವಕ್ಕೆ ಹೋಟೆಲಿನವರಿಂದ ಊಟದ ಪ್ರಾಯೋಜಕತ್ವ ಕೇಳುವ ನಾವು, ತಿಂಗಳಿಗೊಂದು ಭಾನುವಾರ ಕನ್ನಡ ಬಲ್ಲ ವಕೀಲರೊಬ್ಬರನ್ನು ಕೂರಿಸಿ, ಸಹಿ ಹಾಕುವ ಮೊದಲು ಅವರ ಕರಾರು ಓದಿಸೋಣ. ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇರುವ ಆ ಹಾಳೆಗಳಲ್ಲಿ ನವೀಕರಣದ ಷರತ್ತು ಎಲ್ಲಿದೆ, ಇದೆಯೇ ಇಲ್ಲವೇ ಎಂದು ಹೇಳುವವರು ಅವರಿಗೆ ಬೇಕು.