ಅನ್ನದ ಪಾಠವನ್ನು ಮಕ್ಕಳಿಗೆ ಹೇಗೆ ಕಲಿಸೋಣ?



ಶಾಲೆ ತೆರೆದ ಮೇಲೆ ನಮ್ಮ ತೋಟದ ಲೈನ್ ಮನೆಗಳ ಮಕ್ಕಳು ಒಂದು ಮನೆಗೆಲಸವನ್ನು ತಂದರು. ಒಂದು ವಾರದಲ್ಲಿ ತಮ್ಮ ಮನೆಯಲ್ಲಿ ಪೋಲಾಗುವ ಆಹಾರ ಯಾವುದು, ಎಷ್ಟು ಎಂದು ಬರೆದು ತರಬೇಕಿತ್ತು. ಐದನೆಯ ತರಗತಿಯ ಹುಡುಗಿಯೊಬ್ಬಳು ತಾಯಿಯನ್ನು ಕೇಳಿದಳು. “ನಾವು ಕೂಲಿಯವರು ಮಗಳೇ, ನಮ್ಮಲ್ಲಿ ಪೋಲು ಮಾಡಲಿಕ್ಕೆ ಏನುಂಟು? ಏನೂ ಇಲ್ಲ ಅಂತ ಬರೆ” ಎಂದರು ತಾಯಿ. ಹುಡುಗಿ ಹಾಗೆಯೇ ಬರೆದಳು. ಮರುದಿನ ಬೆಳಿಗ್ಗೆ ಆ ಮನೆಯ ಹಿಂದೆ ಹಳಸಿದ ಅನ್ನವನ್ನು ಕಾಗೆಗಳು ಕುಕ್ಕುತ್ತಿದ್ದವು. ಯಾರನ್ನೂ ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಅದೇ ಕಾಗೆಗಳು ನಮ್ಮ ಮನೆಯ ಹಿಂದೆಯೂ ಬರುತ್ತವೆ.

ಶಾಲೆಯವರು ಈ ಪ್ರಶ್ನೆ ಕೇಳುವುದಕ್ಕೆ ಕಾರಣವಿದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ಪೋಲಾಯಿತು. ಅದರಲ್ಲಿ ನೂರಕ್ಕೆ 60 ಪಾಲು ಹೋದದ್ದು ಮನೆಗಳಿಂದ. ಅದೇ ಹೊತ್ತಿಗೆ 78 ಕೋಟಿಗೂ ಹೆಚ್ಚು ಜನ ಹಸಿದಿದ್ದರು. ನಮ್ಮ ದೇಶದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಪೋಲಾಗುತ್ತದೆಂದು ಅಂದಾಜು. ಸಿಪ್ಪೆ, ಮೂಳೆಗಳೂ ಈ ಲೆಕ್ಕದಲ್ಲಿ ಸೇರಿವೆ. ಬಂಗಲೆಯನ್ನೂ ಲೈನ್ ಮನೆಯನ್ನೂ ಒಟ್ಟು ಸೇರಿಸಿ ಭಾಗಿಸಿದ ಸರಾಸರಿ ಅದು ಎಂಬುದನ್ನೂ ನೆನಪಿಡಬೇಕು. ಆದರೂ ನಮ್ಮ ಪಾಲು ಸೊನ್ನೆ ಎನ್ನುವಂತಿಲ್ಲ.

ನಮ್ಮ ಪಾಲು ಎಷ್ಟೆಂದು ತಿಳಿಯಲು, ಭಾನುವಾರದ ಧರ್ಮೋಪದೇಶ ತರಗತಿಯ ಮಕ್ಕಳಿಗೆ ಒಂದೊಂದು ಗೆರಟೆ ಕೊಟ್ಟೆವು. ಒಂದು ವಾರ ಅಡುಗೆಮನೆಯಿಂದ ಹೊರಗೆ ಹೋಗುವ ಅನ್ನ, ಪದಾರ್ಥಗಳನ್ನು ಗೆರಟೆಯಲ್ಲಿ ಅಳೆದು ಗೆರೆ ಹಾಕಬೇಕು. ಯಾರ ಮನೆಯಲ್ಲಿ ಹೆಚ್ಚು, ಯಾರಲ್ಲಿ ಕಡಿಮೆ ಎಂದು ಕೇಳುವುದಿಲ್ಲವೆಂದು ಮೊದಲೇ ಹೇಳಿದ್ದೆವು. ವಾರದ ಕೊನೆಗೆ ಕಂಡದ್ದು ಇಷ್ಟು: ಸಾಂಬಾರು ಚೆಲ್ಲಿದವರಿಲ್ಲ, ಮೀನು ಬಿಸಾಡಿದವರಂತೂ ಇಲ್ಲವೇ ಇಲ್ಲ. ಹೊರಗೆ ಹೋದದ್ದು ಹೆಚ್ಚಾಗಿ ಅನ್ನ ಒಂದೇ.

ಇದಕ್ಕೆ ಕಾರಣ ದುಂದುಗಾರಿಕೆಯಲ್ಲ. ನಮ್ಮ ಹೆಂಗಸರು ಬೆಳಕು ಹರಿಯುವ ಮೊದಲೇ ಒಲೆ ಹೊತ್ತಿಸಿ, ಇಡೀ ದಿನಕ್ಕಾಗುವಷ್ಟು ಕುಚ್ಚಲಕ್ಕಿಯನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿಟ್ಟು ಕೆಲಸಕ್ಕೆ ಹೋಗುತ್ತಾರೆ. ಮಧ್ಯಾಹ್ನ ಯಾರು ಮನೆಗೆ ಬರುತ್ತಾರೆ, ಯಾರು ಬರುವುದಿಲ್ಲ ಎಂಬುದು ಆ ಹೊತ್ತಿಗೆ ಗೊತ್ತಿರುವುದಿಲ್ಲ. ಕಡಿಮೆಯಾದರೆ ಯಾರೋ ಹಸಿದಾರು ಎಂಬ ಹೆದರಿಕೆಗೆ ಇನ್ನೊಂದು ಹಿಡಿ ಹೆಚ್ಚೇ ಹಾಕುತ್ತಾರೆ. ಶಾಲೆಯಲ್ಲಿ ಮಧ್ಯಾಹ್ನದ ಊಟ ಉಂಟು. ಸರಕಾರದ ಲೆಕ್ಕದಂತೆ ಐದನೆಯ ತರಗತಿಯವರೆಗೆ ಮಗುವೊಂದಕ್ಕೆ ದಿನಕ್ಕೆ 100 ಗ್ರಾಂ, ಆರರಿಂದ ಎಂಟರವರೆಗೆ 150 ಗ್ರಾಂ ಧಾನ್ಯ. ಅಲ್ಲಿ ಊಟ ಮಾಡುವ ಮಗುವಿನ ಪಾಲು ಮನೆಯ ಪಾತ್ರೆಯಲ್ಲಿಯೂ ಬೇಯುತ್ತಿದ್ದರೆ, ಸಂಜೆಯ ಸೆಕೆಗೆ ಅದು ಹಳಸದೆ ಇರುವುದೇ?

ಆದುದರಿಂದ ಮಕ್ಕಳಿಗೆ ಕಲಿಸಬೇಕಾದ ಮೊದಲ ಪಾಠ ಇದು: ಪೋಲು ನಿಲ್ಲಬೇಕಾದದ್ದು ಬಟ್ಟಲಿನಲ್ಲಲ್ಲ, ಅಕ್ಕಿ ಅಳೆಯುವಲ್ಲಿ. ರಾತ್ರಿ ಮಲಗುವ ಮೊದಲು ಮಗು ತಾಯಿಗೆ ಒಂದು ಮಾತು ಹೇಳಲಿ: “ಅಮ್ಮ, ನಾಳೆ ನನಗೆ ಶಾಲೆಯಲ್ಲಿ ಊಟ ಉಂಟು. ಅಪ್ಪ ಬುತ್ತಿ ಕೊಂಡು ಹೋಗುತ್ತಾರೆ. ಮಧ್ಯಾಹ್ನ ಮನೆಯಲ್ಲಿ ಅಜ್ಜಿ ಒಬ್ಬರೇ.” ಅಷ್ಟಾದರೆ ಎಷ್ಟು ಅಕ್ಕಿ ಹಾಕಬೇಕೆಂದು ತಾಯಿಗೆ ಯಾರೂ ಕಲಿಸಬೇಕಾಗಿಲ್ಲ. ಎರಡು ತರಗತಿ ಹೆಚ್ಚು ಓದಿದೆನೆಂದು ಮಗು ತಾಯಿಗೆ ಉಪದೇಶ ಮಾಡಲು ಹೊರಟರೆ ಪಾಠವೂ ಕೆಟ್ಟಿತು, ಮನೆಯೂ ಕೆಟ್ಟಿತು.

ದೂರದ ಮಿಜೋರಾಂನ ಕ್ರೈಸ್ತ ಮನೆಗಳಲ್ಲಿ ಒಂದು ಪದ್ಧತಿ ಇದೆ. ಅಡುಗೆಗೆ ಅಕ್ಕಿ ತೆಗೆಯುವಾಗ ಪ್ರತಿ ಸಲವೂ ಒಂದು ಹಿಡಿಯನ್ನು ಬೇರೆ ಎತ್ತಿಟ್ಟು, ಅದನ್ನು ಸಭೆಯ ಕೆಲಸಕ್ಕೆ ಕೊಡುತ್ತಾರೆ. 1910ರಿಂದ ಇದು ನಡೆದು ಬಂದಿದೆ. ಇದರಲ್ಲಿ ನಮಗೂ ಒಂದು ಬುದ್ಧಿ ಇದೆ. ಬೇಯುವ ಮೊದಲು ಎತ್ತಿಟ್ಟ ಹಿಡಿ ಅಕ್ಕಿ ನಾಳೆಗೂ ಅಕ್ಕಿಯಾಗಿಯೇ ಇರುತ್ತದೆ. ಬೆಂದ ಮೇಲೆ ಉಳಿದದ್ದು ನಾಳೆಗೆ ಕಾಗೆಯ ಪಾಲು.

ಎರಡನೆಯ ಪಾಠ, ಯಾವುದನ್ನು ಉಳಿಸಬಾರದು ಎಂಬುದು. ಪೋಲಾಗಬಾರದೆಂಬ ಹಟಕ್ಕೆ ಹಳಸಿದ್ದನ್ನು ಮಕ್ಕಳ ಬಾಯಿಗೆ ತುರುಕಬಾರದು. ಸೆಕೆಯಲ್ಲಿ ಬಹಳ ಹೊತ್ತು ಇಟ್ಟ ಅನ್ನದಲ್ಲಿ ಹುಟ್ಟುವ ಒಂದು ಬಗೆಯ ವಿಷ, ಮತ್ತೊಮ್ಮೆ ಕುದಿಸಿದರೂ ಹೋಗುವುದಿಲ್ಲ. ಬೂಸ್ಟು ಹಿಡಿದ ನೆಲಗಡಲೆ, ಕೊಬ್ಬರಿಗಳೂ ಹಾಗೆಯೇ. ಮೇಲಿನ ಬೂಸ್ಟನ್ನು ಒರೆಸಿದ ಮಾತ್ರಕ್ಕೆ ಅವು ಶುದ್ಧವಾಗುವುದಿಲ್ಲ. ಕೂಲಿಯವನ ಮನೆಯಲ್ಲಿ ಮಗುವಿಗೆ ಒಂದು ದಿನ ವಾಂತಿಭೇದಿಯಾದರೆ, ಉಳಿಸಿದ ಅನ್ನದ ಬೆಲೆಯ ಎಷ್ಟೋ ಪಾಲು ಆಸ್ಪತ್ರೆಗೂ ಬಸ್ಸಿಗೂ ಹೋದೀತು. ಮೇಲಾಗಿ ಒಂದು ದಿನದ ಸಂಬಳವೂ ಹೋದೀತು. ಆದ್ದರಿಂದ ಕಡಿಮೆ ಬೇಯಿಸುವುದೇ ಉಳಿತಾಯ. ಹಳಸಿದ್ದನ್ನು ತಿನ್ನುವುದು ಉಳಿತಾಯವಲ್ಲ.

ಮೂರನೆಯ ಪಾಠವನ್ನು ಶಾಲೆಯವರು ನಮ್ಮಿಂದಲೇ ಕಲಿಯಬೇಕು. ಮಳೆ ಹಿಡಿಯುವ ಹೊತ್ತಿಗೆ ಈ ಜಿಲ್ಲೆಯಲ್ಲಿ ಹಲಸಿನ ಹಣ್ಣು ಮರದಡಿಯಲ್ಲಿ ಕೊಳೆಯುವುದನ್ನು ಕಾಣದವರಾರು? ನಮ್ಮ ಅಜ್ಜಿಯಂದಿರು ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿಯಲ್ಲಿ ಇಡುತ್ತಿದ್ದರು. ಬೀಜಕ್ಕೆ ಕೆಮ್ಮಣ್ಣು ಹಚ್ಚಿ ತಿಂಗಳುಗಟ್ಟಲೆ ಕಾಪಾಡುತ್ತಿದ್ದರು. ಆಟಿಯ ಬಡತನದಲ್ಲಿ ಮಕ್ಕಳ ಹೊಟ್ಟೆ ತುಂಬಿಸಿದ್ದು ಇವೇ. ಅಂಗಡಿಯ ಬಿಸ್ಕತ್ತು ಮನೆಗೆ ಬಂದ ಮೇಲೆ ಹಲಸು ಬಡವರ ತಿಂಡಿಯೆಂದು ನಾವೇ ನಾಚಿಕೊಂಡೆವು. ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ಯ ಮೂಲಕ, ನಮ್ಮ ಜಿಲ್ಲೆಯವರೇ ಆದ ಶ್ರೀ ಪಡ್ರೆಯವರು ಹಲಸಿನ ಬೆಲೆಯನ್ನು ಊರೂರಿಗೆ ತಿಳಿಸಿಕೊಟ್ಟರು. 2018ರಲ್ಲಿ ಕೇರಳ ಸರಕಾರವು ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ಸರಕಾರಕ್ಕೆ ತಿಳಿದ ಮೇಲಾದರೂ ನಮಗೆ ತಿಳಿಯಬಾರದೇ? ಶಾಲೆಯವರು ವರ್ಷಕ್ಕೊಂದು ದಿನ ತೋಟದ ಅಜ್ಜಿಯಂದಿರನ್ನು ಕರೆದು, ಸೊಳೆ ಉಪ್ಪಿಗೆ ಹಾಕುವುದನ್ನು, ಬಾಳೆದಿಂಡು, ಹೀರೆಸಿಪ್ಪೆಗಳಿಂದ ಪದಾರ್ಥ ಮಾಡುವುದನ್ನು ಮಕ್ಕಳಿಗೆ ತೋರಿಸಲಿ. ಆಗ “ಏನೂ ಇಲ್ಲ” ಎಂದು ಬರೆದ ಹುಡುಗಿಯೂ ತನ್ನ ಅಜ್ಜಿಯನ್ನು ನೋಡಿ ತಲೆ ಎತ್ತಿಯಾಳು.

ತಿನ್ನಲಾಗದ ಸಿಪ್ಪೆ, ಚರಟಗಳು ಬಾಳೆಯ ಬುಡಕ್ಕೆ ಹೋಗಲಿ. ಮನೆಗೆ ಬರುವ ಹರಿತ ಕರ್ಮ ಸೇನೆಯ ಸಹೋದರಿಯರು ಕೊಂಡುಹೋಗುವುದು ಪ್ಲಾಸ್ಟಿಕ್ಕಿನಂಥ ಕೊಳೆಯದ ವಸ್ತುಗಳನ್ನು. ಎಂಜಲು ಮೆತ್ತಿದ ಚೀಲವನ್ನು ಅವರ ಕೈಗೆ ಕೊಡಬಾರದು. ಅವರೂ ನಮ್ಮಂತೆ ದುಡಿಯುವವರೇ.

ಮಕ್ಕಳಿಗೆ ಕಲಿಸುವ ನಾವು, ನಮ್ಮ ಹಬ್ಬ ಮದುವೆಗಳನ್ನೂ ಸ್ವಲ್ಪ ನೋಡಿಕೊಳ್ಳಬೇಕು. ವರ್ಷವಿಡೀ ಹಿಡಿ ಅಕ್ಕಿ ಎಣಿಸುವ ನಾವು, ಮದುವೆಯ ದಿನ ಸಾಲ ಮಾಡಿ ಬೇಯಿಸಿ ಹೊಂಡಕ್ಕೆ ಸುರಿಯುತ್ತೇವೆ. ಎಲೆಯಲ್ಲಿ ಉಳಿದಷ್ಟೂ ಮರ್ಯಾದೆ ಎಂಬ ಭ್ರಮೆ ಇದು. ಸೆಪ್ಟೆಂಬರ್ 8ರ ತೆನೆಹಬ್ಬದಂದು ಹೊಸ ಭತ್ತದ ಕಾಳನ್ನು ಆಶೀರ್ವಾದ ಮಾಡಿಸಿ ಮನೆಮಂದಿಗೆಲ್ಲ ಹಂಚಿ ತಿನ್ನುವವರು ನಾವು. ಐದು ಸಾವಿರ ಜನರಿಗೆ ಉಣಬಡಿಸಿದ ಪ್ರಭುವು, ಉಳಿದ ತುಂಡುಗಳನ್ನೂ ಹನ್ನೆರಡು ಬುಟ್ಟಿಗಳಲ್ಲಿ ಕೂಡಿಸಲು ಹೇಳಿದ್ದನ್ನು ಮಕ್ಕಳಿಗೆ ಕಥೆಯಾಗಿ ಹೇಳುತ್ತೇವೆ. ಅದೇ ಮಕ್ಕಳು ಚಪ್ಪರದ ಹಿಂದಿನ ಹೊಂಡವನ್ನೂ ನೋಡುತ್ತಾರಲ್ಲವೇ?

ಕೊನೆಗೆ ಒಂದು ಎಚ್ಚರಿಕೆ. ಅನ್ನ ಉಳಿಸುವ ಪಾಠವನ್ನು ಹಿಡಿದುಕೊಂಡು, ಸಿಕ್ಕಿದ ಕೂಲಿಯಲ್ಲೇ ಬದುಕಲು ಬರುತ್ತದೆಂದು ಯಾರಾದರೂ ವಾದಿಸಿದರೆ ನಾವು ಒಪ್ಪಲಾರೆವು. ನಮ್ಮ ಮಗು ಬಟ್ಟಲಲ್ಲಿ ಬಿಟ್ಟ ನಾಲ್ಕು ಅಗುಳಿನಿಂದ ಲೋಕದಲ್ಲಿ ಹಸಿವು ಹುಟ್ಟಿಲ್ಲ. ನ್ಯಾಯವಾದ ಕೂಲಿ, ಸರಿಯಾದ ರೇಷನ್, ಮಕ್ಕಳ ಮಧ್ಯಾಹ್ನದ ಊಟ ಇವುಗಳಿಗಾಗಿ ಯೂನಿಯನ್ನಿನ ಕೆಲಸ ನಡೆಯಲೇಬೇಕು. ಅದರ ಜತೆಯಲ್ಲಿ, ಬೆವರು ಸುರಿಸಿ ತಂದ ಅಕ್ಕಿ ಹಳಸಿ ಹೊರಗೆ ಬೀಳದಂತೆ ನೋಡುವುದೂ ದುಡಿಮೆಗೆ ಸಲ್ಲಿಸುವ ಗೌರವವೇ.

ಇಂದು ರಾತ್ರಿ ಅಕ್ಕಿ ಅಳೆಯುವ ಮೊದಲು, ನಾಳೆ ಮನೆಯಲ್ಲಿ ಉಣ್ಣುವವರೆಷ್ಟು ಮಂದಿ ಎಂದು ನಿಮ್ಮ ಮಗುವನ್ನು ಕೇಳಿರಿ. ಎಣಿಸಿ ಹೇಳುವ ಕೆಲಸ ಅದರದಾಗಲಿ.